ಮನಸ್ಸಿಗೆ ಬಂದದ್ದು, ಮನಸ್ಸು ಮಾಡಿದ್ದು

ಆ ಕ್ಷೌರದಂಗಡಿಗೆ ಬರುವವರೆಲ್ಲ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಒಂದು ಗಡ್ಡಕ್ಕೆ ಅರ್ಧ ಗಂಟೆ. ಅವಸರದವರು ಎದುರು ಸಾಲಿನ ಅಂಗಡಿಗೆ ಹೋಗುತ್ತಿದ್ದರು, ಅಲ್ಲಿ ಎರಡು ಸಲ ಕೆನ್ನೆ ಕೊಯ್ಯಿಸಿಕೊಂಡ ಮೇಲೆ ಬಾಯಿ ಮುಚ್ಚಿಕೊಂಡು ಇವನ ಬೆಂಚಿಗೆ ವಾಪಸಾಗುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವನ ಕತ್ತಿಯಿಂದ ರಕ್ತ ಬಂದದ್ದು ಬೆರಳೆಣಿಕೆಯಷ್ಟು ಸಲ, ಅದೂ ಗಿರಾಕಿ ಸೀನಿದ್ದಕ್ಕೆ. ಇಂಥವನ ತಲೆಗೆ ಅಂಥ ಯೋಚನೆ ಬರಬೇಕೇ? ಬಂತು. ಕಾಯಿಲೆಗೆ ಮುಖ ನೋಡಿ ಮಣೆ ಹಾಕುವ ಅಭ್ಯಾಸವಿಲ್ಲ.

ಒಂದು ಬೆಳಗ್ಗೆ ಪಕ್ಕದ ಬೀದಿಯ ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ತಮ್ಮ ಮನೆಯ ಸೋರುವ ನಲ್ಲಿಯ ಪುರಾಣ ಹೇಳುತ್ತಿದ್ದರು. ನಿಧಾನಪ್ಪ ಅವರ ಗದ್ದ ಎತ್ತಿ ಹಿಡಿದು ಗಂಟಲ ಮೇಲೆ ಕತ್ತಿ ಇಟ್ಟಿದ್ದ. ಆಗ ಎಲ್ಲಿಂದಲೋ ಒಂದು ಮಾತು ತಲೆಯೊಳಗೆ ನುಗ್ಗಿತು: ಒಂದು ಚೂರು ಒತ್ತಿದರೆ? ಅಷ್ಟೇ. ಮಾತಿನ ಹಿಂದೆಯೇ ಚಿತ್ರವೂ ಬಂತು, ಬಿಳಿ ನೊರೆಯ ಮೇಲೆ ಕೆಂಪು. ಕತ್ತಿ ತೆಗೆದು ಹಿಂದೆ ಸರಿದು ನಿಂತ. ಮೇಷ್ಟ್ರು, ಏನಾಯ್ತಪ್ಪ ಎಂದು ಕನ್ನಡಿಯಲ್ಲೇ ಕೇಳಿದರು. ಅವನು ಬ್ಲೇಡು ಮೊಂಡಾಗಿದೆ ಎಂದು ಸುಳ್ಳು ಹೇಳಿ ಹೊಸದು ಸಿಕ್ಕಿಸಿದ.

ಬೇರೆಯವರಾಗಿದ್ದರೆ ಥೂ ಎಂದು ಕೊಡವಿಕೊಂಡು ಮರೆಯುತ್ತಿದ್ದರೇನೋ. ನಿಧಾನಪ್ಪ ಮರೆಯುವ ಪೈಕಿಯಲ್ಲ. ಕೆಟ್ಟವನಲ್ಲದಿದ್ದರೆ ಈ ಯೋಚನೆ ಯಾಕೆ ಬಂತು ಎಂದು ಊಟದ ಹೊತ್ತಿನವರೆಗೂ ಕೆದಕಿದ. ಕೆದಕಿದಷ್ಟೂ ಅದು ಬೇರು ಬಿಟ್ಟಿತು. ಮಾರನೆಯ ದಿನ ಮೂರು ಸಲ ಬಂತು, ಆ ವಾರದ ಕೊನೆಗೆ ಕತ್ತಿ ಮುಟ್ಟಿದಾಗಲೆಲ್ಲ ಬಂತು. ಗಡ್ಡ ತೆಗೆಸಿಕೊಂಡು ಹೋದ ಗಿರಾಕಿಯನ್ನು ಬಾಗಿಲಿಗೆ ಬಂದು ನೋಡತೊಡಗಿದ, ನೆಟ್ಟಗೆ ನಡೆದು ಹೋಗುತ್ತಿದ್ದಾನೆ ತಾನೇ ಎಂದು. ಒಮ್ಮೆ ಮೇಷ್ಟ್ರು ಬದುಕಿದ್ದಾರೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಅಂಗಡಿ ಬಿಟ್ಟು ಪಕ್ಕದ ಬೀದಿಗೆ ಓಡಿದ. ಅವರು ಅಂಗಳದಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದರು. ಸುಮ್ಮನೆ ಬಂದೆ ಮೇಷ್ಟ್ರೇ ಎಂದು ಹಲ್ಲು ಕಿರಿದು ಹಿಂದಿರುಗಿದ. ನಗಬೇಕೆನಿಸಿದರೆ ನಕ್ಕುಬಿಡಿ. ಅವನಿಗಂತೂ ನಗು ಬರಲಿಲ್ಲ, ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮತ್ತೆ ಅನುಮಾನ ಬಂತು.

ಪೇಪರಿನಲ್ಲಿ ಯಾವುದೋ ಕೊಲೆಯ ಸುದ್ದಿ ಓದಿ ಬೆಂಚಿನ ಮೇಲಿನವರು ಮಾತಾಡಿಕೊಂಡರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಇವನು ಬೆವರುತ್ತಿದ್ದ. ಕೊನೆಗೆ ಕೈನೋವು ಎಂದು ಹೇಳಿ ಗಡ್ಡ ತೆಗೆಯುವುದನ್ನೇ ನಿಲ್ಲಿಸಿದ. ಕತ್ತರಿ, ಬಾಚಣಿಗೆ, ಟ್ರಿಮ್ಮರ್ ಇಷ್ಟರಲ್ಲೇ ದಿನ ದೂಡಿದ. ಗಿರಾಕಿಗಳು ಎದುರು ಸಾಲಿಗೆ ಹೋದರೂ ಅವನಿಗೆ ಬೇಜಾರಿಲ್ಲ, ನೆಮ್ಮದಿಯೇ ಆಯಿತು. ಆದರೆ ಒಬ್ಬರು ಎದುರು ಸಾಲಿಗೆ ಹೋಗುವವರಲ್ಲ, ಅವನ ಮಾವ.

ಮಾವ ಎಂದರೆ ಹೆಂಡತಿಯ ಅಪ್ಪ. ಆ ಅಂಗಡಿ ಕಟ್ಟಿದವರು, ಇವನಿಗೆ ಕತ್ತಿ ಹಿಡಿಯಲು ಕಲಿಸಿದವರು, ಆಮೇಲೆ ಮಗಳನ್ನೂ ಕೊನೆಗೆ ಅಂಗಡಿಯನ್ನೂ ಕೊಟ್ಟವರು. ಮೂವರೂ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಮುದುಕರಿಗೆ ಕೈ ನಡುಕ ಶುರುವಾಗಿ ನಾಲ್ಕು ವರ್ಷ. ಅಂದಿನಿಂದ ದಿನ ಬಿಟ್ಟು ದಿನ ಅಳಿಯನೇ ಗಡ್ಡ ತೆಗೆಯುತ್ತಿದ್ದ. ಬೇರೆಯವರ ಕೈಗೆ ಅವರು ಮುಖ ಕೊಡುತ್ತಿರಲಿಲ್ಲ. ಗಡ್ಡ ಬೆಳೆದ ಕ್ಷೌರದವನನ್ನು ಕಂಡರೆ ಗಿರಾಕಿ ಹೊಸ್ತಿಲಿಂದಲೇ ವಾಪಸು ಎಂಬುದು ಅವರ ಪಾಠ.

ಯಾರ ಮೇಲೆ ಪ್ರೀತಿ ಹೆಚ್ಚೋ ಅವರ ಮೇಲೇ ಆ ಯೋಚನೆ ಹೆಚ್ಚು ಎರಗುತ್ತಿತ್ತು. ಮಾವನ ಸುಕ್ಕು ಗಂಟಲು ನೆನೆದರೇ ಸಾಕು, ನಿಧಾನಪ್ಪ ಕತ್ತಿಯನ್ನು ಡ್ರಾಯರಿನ ತಳಕ್ಕೆ ತಳ್ಳುತ್ತಿದ್ದ. ಇವತ್ತು ಬೇಡ ಮಾವ, ನಾಳೆ ಎನ್ನುತ್ತ ಮೂರು ವಾರ ತಳ್ಳಿದ. ಮುದುಕರು ಬಾಯಿಬಿಟ್ಟು ಕೇಳುವವರಲ್ಲ. ಬೆಳಗ್ಗೆ ಇಳಿದು ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು, ಹತ್ತು ನಿಮಿಷ ಕಾದು, ಗಡ್ಡ ಕೆರೆದುಕೊಳ್ಳುತ್ತ ಮೇಲೆ ಹೋಗುತ್ತಿದ್ದರು. ದೀಪದ ಬುಡದಲ್ಲೇ ಕತ್ತಲೆ ಎಂದು ಬೆಂಚಿನವರು ನಕ್ಕಿದ್ದು ಅವರ ಕಿವಿಗೂ ಬಿದ್ದಿತ್ತು.

ಹೆಂಡತಿ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹಾಕುವ ಯಂತ್ರದ ಮುಂದೆ ಕೂರುವವಳು. ಮಾತು ಕಡಿಮೆ, ಆಡಿದರೆ ಮಾತ್ರ ನೇರ ಎದೆಗೆ ತಾಗಬೇಕು. ಅಡುಗೆಮನೆಯ ಚಾಕು ಡಬ್ಬದ ಹಿಂದೆ ಸೇರಿದ್ದನ್ನೂ, ಗಂಡ ದಿನಕ್ಕೆ ಹತ್ತು ಸಲ, ನಾನು ಯಾರಿಗಾದ್ರೂ ಕೆಟ್ಟದ್ದು ಮಾಡಿದೀನಾ ಎಂದು ಕೇಳುವುದನ್ನೂ ಅವಳು ಗಮನಿಸಿದ್ದಳು. ಅರ್ಥವಾಗಿರಲಿಲ್ಲ. ಅರ್ಥವಾದದ್ದು ಅಪ್ಪನ ಗಡ್ಡ ಮಾತ್ರ.

"ಅಂಗಡಿ ನಿಮ್ಮ ಹೆಸರಿಗಾಯ್ತು ನೋಡಿ," ಎಂದಳು ಒಂದು ದಿನ ಚಪ್ಪಲಿ ಮೆಟ್ಟುತ್ತ. "ಅಪ್ಪನ ಗಡ್ಡ ಈಗ ಭಾರ ಆಯ್ತು."

ಅವನು ಏನು ಹೇಳಬೇಕು? ನಿಮ್ಮಪ್ಪನ ಕತ್ತು ಕೊಯ್ಯುವ ಯೋಚನೆ ಬರುತ್ತದೆ ಎಂದೇ? ಹೇಳಿದರೆ ಮನೆಯೂ ಹೋಯಿತು, ಮಾನವೂ ಹೋಯಿತು. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಕೈನೋವಿನ ನೆಪ ಗಟ್ಟಿಮಾಡಿಕೊಳ್ಳಲು ಆಸ್ಪತ್ರೆಗೆ ಹೋದ.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಕೈ ಚೆನ್ನಾಗಿದೆ, ಕತ್ತರಿ ಹಿಡಿದರೆ ಇಲ್ಲದ ನೋವು ಕತ್ತಿ ಹಿಡಿದರೆ ಹೇಗಪ್ಪ ಬರುತ್ತೆ ಎಂದು ಕೇಳಿದರು. ಇವನು ತಲೆ ತಗ್ಗಿಸಿದ. ಅವರು ಒಂದು ಚೀಟಿ ಬರೆದು ಮೇಲಿನ ಮಹಡಿಗೆ ಕಳಿಸಿದರು. ಅಲ್ಲಿ ಬಾಗಿಲ ಮೇಲೆ ಮನೋರೋಗ ವಿಭಾಗ ಎಂದು ಬರೆದಿತ್ತು. ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಹಿಂದೆ ಮುಂದೆ ನೋಡಿ ಒಳಗೆ ನುಸುಳಿದ.

ಡಾಕ್ಟರಮ್ಮ ಎದುರಿನ ಕುರ್ಚಿ ತೋರಿಸಿದರು. ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅನ್ನುತ್ತಾರೆ. ನಿಧಾನಪ್ಪ ಕುಳಿತ ಕೂಡಲೇ ಸುಳ್ಳು ಹೇಳಿದ. ತನಗೇನೂ ಇಲ್ಲ, ತನ್ನ ಸ್ನೇಹಿತನೊಬ್ಬನಿದ್ದಾನೆ, ಅವನಿಗೆ ಹೀಗೆ ಹೀಗೆ ಯೋಚನೆ ಬರುತ್ತದೆ, ಅವನು ಕತ್ತಿ ಹಿಡಿಯುವ ಕೆಲಸದವನು ಎಂದ. ಅವರು ಸೋಪಿನಲ್ಲಿ ನೆನೆದು ನೆನೆದು ಬಿರುಕು ಬಿಟ್ಟ ಅವನ ಬೆರಳುಗಳನ್ನು ನೋಡಿಯೂ ನೋಡದವರಂತೆ ಪೂರ್ತಿ ಕೇಳಿಸಿಕೊಂಡರು.

"ಅದು ಗೀಳು ಕಾಯಿಲೆ ಅಂತ ಕಾಣುತ್ತೆ," ಎಂದರು. "ತುಂಬಾ ಜನಕ್ಕೆ ಇರುತ್ತೆ. ನಿಮ್ಮ ಸ್ನೇಹಿತರನ್ನೇ ಕರ್ಕೊಂಡು ಬನ್ನಿ, ಅವರ ಹತ್ತಿರಾನೇ ಮಾತಾಡ್ಬೇಕು."

ಗೀಳು! ಅವನಿಗೆ ಆ ಶಬ್ದ ಚೆನ್ನಾಗಿ ಗೊತ್ತಿತ್ತು. ಬೆಂಚಿನ ಮೇಲಿನ ಒಬ್ಬನಿಗೆ ಇಸ್ಪೀಟಿನ ಗೀಳು, ಇನ್ನೊಬ್ಬನಿಗೆ ಸಿನಿಮಾದ ಗೀಳು. ಬೇಕು ಬೇಕು ಎಂದು ಒಳಗಿಂದ ಎಳೆಯುವುದಕ್ಕೆ ಗೀಳು ಎನ್ನುತ್ತಾರೆ. ಹಾಗಾದರೆ ತನಗೆ ಇದು ಬೇಕು. ಮಾವನ ಗಂಟಲು ತನಗೆ ಬೇಕು. ಓದಿದ ಡಾಕ್ಟರೇ ಹೇಳಿದ ಮೇಲೆ ಇನ್ನೇನು ಉಳಿಯಿತು? ಮೇಜಿನ ಮೇಲಿನ ಚೀಟಿಯನ್ನೂ ಬಿಟ್ಟು ಎದ್ದ.

ಎರಡು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ. ಮನೆ ಬಿಟ್ಟು ಹೋಗುವುದು. ಎಲ್ಲಿಗೆ ಎಂಬುದು ಆಮೇಲಿನ ಮಾತು, ಮೊದಲು ಮಾವನಿಂದ ದೂರವಾಗಬೇಕು. ಅಂಗಡಿಯ ವಾರದ ರಜೆಯ ದಿನ, ಹೆಂಡತಿ ಕಾರ್ಖಾನೆಗೆ ಹೋದ ಮೇಲೆ, ಒಂದು ಕೈಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿದ. ಮನೆಯಿಂದ ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ, ಮೆಟ್ಟಿಲಿಳಿದು ಅಂಗಡಿಯ ಮೂಲಕ. ಶಬ್ದವಾಗದಂತೆ ಇಳಿದ.

ಮಾವ ಕನ್ನಡಿಯ ಮುಂದೆ ಕುಳಿತಿದ್ದರು. ಅರ್ಧ ಮುಖಕ್ಕೆ ನೊರೆ. ಗದ್ದದ ಕೆಳಗಿಂದ ರಕ್ತ ನೊರೆಯಲ್ಲಿ ಬೆರೆತು ಬನಿಯನ್ನಿಗೆ ಇಳಿಯುತ್ತಿತ್ತು. ಕತ್ತಿ ನೆಲದ ಮೇಲಿತ್ತು. ನಿಧಾನಪ್ಪ ನಿಂತಲ್ಲೇ ತನ್ನ ಕೈ ನೋಡಿಕೊಂಡ. ಅಂಗೈ, ಹಿಂಗೈ, ಉಗುರು ಎಲ್ಲವನ್ನೂ ನೋಡಿಕೊಂಡ. ತಾನೇ ಮಾಡಿದೆನೇ? ಯಾವಾಗ? ಇಷ್ಟು ಹೊತ್ತು ಮೇಲಿದ್ದವನು ತಾನು ಎಂಬುದು ಅವನಿಗೆ ಗೊತ್ತಿತ್ತು, ಆದರೂ ನಂಬಿಕೆಯಾಗಲಿಲ್ಲ.

"ಕೈ ನಡುಗಿಬಿಡ್ತು ಕಣಪ್ಪ," ಎಂದರು ಮಾವ. "ಆ ಟವೆಲ್ ಒತ್ತಿ ಹಿಡಿ ಬಾ."

ಅವನು ಟವೆಲ್ ತೆಗೆದುಕೊಂಡ. ಎರಡು ಹೆಜ್ಜೆ ಇಟ್ಟ. ಒತ್ತಿ ಹಿಡಿ ಎಂಬ ಮಾತೇ ಅವನನ್ನು ಕಂಬ ಮಾಡಿತು. ಆಮೇಲೆ, ಬದುಕಿನುದ್ದಕ್ಕೂ ನಾಚುವ ಒಂದು ಕೆಲಸ ಮಾಡಿದ. ನಿಂತಲ್ಲಿಂದಲೇ ಟವೆಲನ್ನು ಮುದುಕರ ತೊಡೆಯ ಮೇಲೆ ಎಸೆದ. ಮಾವ ಅದನ್ನು ನೋಡಿದರು, ಅವನ ಕೈಚೀಲವನ್ನೂ ನೋಡಿದರು. ನಡುಗುವ ಕೈಯಲ್ಲಿ ತಾವೇ ಒತ್ತಿಕೊಂಡರು. ಅವನು ಬೀದಿಗೆ ಓಡಿ ಹೆಂಡತಿಗೆ ಫೋನು ಮಾಡಿದ.

ಅವಳು ಕೆಲಸದ ಏಪ್ರನ್ನಿನಲ್ಲೇ ಬಂದಳು. ಗಾಯ ದೊಡ್ಡದಲ್ಲ, ರಕ್ತ ನಿಲ್ಲಲು ಪಟಿಕದ ಕಲ್ಲು ಉಜ್ಜಿ, ಹತ್ತಿ ಇಟ್ಟು ಅಪ್ಪನನ್ನು ಮೇಲೆ ಮಲಗಿಸಿದಳು. ಕೆಳಗೆ ಬಂದು ಶಟರ್ ಅರ್ಧ ಎಳೆದು ಗಂಡನ ಮುಂದೆ ನಿಂತಳು. ಅವನು ಕೈಚೀಲವನ್ನು ಎದೆಗೆ ಅವುಚಿಕೊಂಡು ಎಲ್ಲವನ್ನೂ ಹೇಳಿದ. ಮೇಷ್ಟ್ರಿಂದ ಹಿಡಿದು ಗೀಳಿನವರೆಗೆ, ಮುಖ ನೋಡದೆ, ಒಂದೇ ಉಸಿರಿಗೆ.

ಅವಳಿಗೆ ಭಯವಾಯಿತು. ಆಗದೆ ಏನು? ನೆಲದ ಮೇಲಿದ್ದ ಕತ್ತಿಯನ್ನು ಎತ್ತಿ ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅದನ್ನು ಅವನು ಕಂಡ, ಅವನು ಕಂಡದ್ದನ್ನು ಅವಳೂ ಕಂಡಳು.

"ಆ ಡಾಕ್ಟರಮ್ಮ ಎಷ್ಟು ಗಂಟೆವರೆಗೆ ಇರ್ತಾರೆ?" ಎಂದಳು ಕೊನೆಗೆ. "ನಡೀರಿ, ಚೀಲ ಇಲ್ಲೇ ಇರಲಿ."

ಆಸ್ಪತ್ರೆಯಲ್ಲಿ ಅವಳೇ ಮುಂದೆ ನಿಂತು, ಆ ಸ್ನೇಹಿತರು ಇವರೇ ಎಂದಳು. ಡಾಕ್ಟರಮ್ಮ ನಗಲಿಲ್ಲ. ಒಂದೊಂದಾಗಿ ಕೇಳಿದರು. ಯಾರ ಮೇಲಾದರೂ ಸಿಟ್ಟಿದೆಯೇ, ಹಿಂದೆ ಎಂದಾದರೂ ಕೈ ಎತ್ತಿದ್ದುಂಟೇ, ಹೊರಗಿನ ದನಿ ಏನಾದರೂ ಕೇಳಿ ಅಪ್ಪಣೆ ಕೊಡುತ್ತದೆಯೇ, ಸಾಯಬೇಕೆನಿಸಿದೆಯೇ, ನಿದ್ದೆ ಹೇಗಿದೆ. ಆ ಯೋಚನೆ ಬಂದಾಗ ಖುಷಿಯಾಗುತ್ತದೆಯೇ ಎಂದೂ ಕೇಳಿದರು. ಅವನಿಗೆ ಅಳು ಬಂತು. ವಾಂತಿ ಬರುತ್ತದೆ ಎಂದ.

"ನೀವು ಗೀಳು ಅಂದ್ರೆ ಇಷ್ಟ ಅಂದ್ಕೊಂಡ್ರಿ," ಎಂದರು ಅವರು. "ನಾನೇ ಬಿಡಿಸಿ ಹೇಳ್ಬೇಕಿತ್ತು. ಈ ಕಾಯಿಲೆಯ ಗೀಳು ಬೇಕು ಅನ್ನೋದಲ್ಲ, ಬೇಡ ಬೇಡ ಅಂದ್ರೂ ಬಿಡದೇ ಇರೋದು. ಮನಸ್ಸಿಗೆ ಬರೋದು ಬೇರೆ, ಮನಸ್ಸು ಮಾಡೋದು ಬೇರೆ. ನಿಮಗೆ ಬಂದಿದೆ. ನೀವು ಮಾಡಿಲ್ಲ."

ನಿಧಾನಪ್ಪ ಆ ಎರಡು ಮಾತನ್ನು ತುಟಿಯಲ್ಲೇ ಆಡಿಕೊಂಡ. ದಿನಕ್ಕೆ ನೂರು ಸಲ ಆಡುವ ಮಾತುಗಳು, ನಡುವೆ ಇಷ್ಟು ಅಂತರ ಇದೆಯೆಂದು ಅವನಿಗೆ ಹೊಳೆದೇ ಇರಲಿಲ್ಲ. ಕೆಟ್ಟ ಯೋಚನೆ ಎಲ್ಲರ ತಲೆಗೂ ಒಮ್ಮೊಮ್ಮೆ ಹೊಕ್ಕು ಹೋಗುತ್ತದಂತೆ. ಇವನು ಹೆದರಿ ಕತ್ತಿ ಬಚ್ಚಿಟ್ಟು, ಮೇಷ್ಟ್ರನ್ನು ನೋಡಲು ಓಡಿ, ಹೆಂಡತಿಯನ್ನು ಕೇಳಿ ಕೇಳಿ ಅದಕ್ಕೆ ನೀರೆರೆದಿದ್ದನಂತೆ. ಮಾತ್ರೆ ಕೊಟ್ಟರು, ಹಿಡಿಯಲು ಕೆಲವು ವಾರ ಬೇಕು ಎಂದರು. ಜೊತೆಗೆ ಅಭ್ಯಾಸ: ಓಡಿಹೋಗಿ ನೋಡುವಂತಿಲ್ಲ, ಕೇಳುವಂತಿಲ್ಲ, ಕತ್ತಿಯಿಂದ ದೂರ ಇರುವಂತಿಲ್ಲ. ಹೆಜ್ಜೆ ಹೆಜ್ಜೆಯಾಗಿ, ಯೋಚನೆ ಬಂದರೆ ಬರಲಿ ಎಂದು ಬಿಟ್ಟು, ಕೆಲಸ ಮಾಡುವುದು.

ಹೇಳುವುದು ಸುಲಭ. ಮೊದಲ ವಾರ ಕತ್ತಿಯನ್ನು ಬರಿದೇ ಅಂಗೈಯಲ್ಲಿ ಇಟ್ಟುಕೊಂಡು ಕುಳಿತ, ಹೆಂಡತಿ ಎದುರು ಕುಳಿತಳು. ಎರಡನೆಯ ವಾರ ತನ್ನ ಗಡ್ಡ ತಾನೇ ತೆಗೆದ. ಐದನೆಯ ವಾರಕ್ಕೆ ಮೇಷ್ಟ್ರ ಗಡ್ಡ ಮುಗಿಸಿ, ಬಾಗಿಲಿಗೆ ಹೋಗದೆ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದು ನಿಂತ. ಒಂದು ದಿನ ತಡೆಯಲಾರದೆ ಓಡಿದ್ದೂ ಉಂಟು. ಡಾಕ್ಟರಮ್ಮ, ಪರವಾಗಿಲ್ಲ, ನಾಳೆ ಓಡಬೇಡಿ ಎಂದರಂತೆ.

ಮಾವ ಆವರೆಗೂ ಅವನೊಡನೆ ಮಾತು ಬಿಟ್ಟಿದ್ದರು. ಗಾಯ ಮಾಗಿತ್ತು, ಟವೆಲ್ ಎಸೆದದ್ದು ಮಾಗಿರಲಿಲ್ಲ. ಗಡ್ಡ ಮುಖ ಮುಚ್ಚುವಷ್ಟು ಬೆಳೆದಿತ್ತು. ನಾನು ಹೇಳಲೇ ಎಂದು ಹೆಂಡತಿ ಕೇಳಿದಳು. ಬೇಡ, ನಾನೇ ಹೇಳಬೇಕು ಎಂದ. ಒಂದು ಸಂಜೆ ಅವರ ಮಂಚದ ಪಕ್ಕ ನೆಲದಲ್ಲಿ ಕುಳಿತು, ಕಾಯಿಲೆಯ ಹೆಸರನ್ನೂ ಯೋಚನೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದ, ಯಾರ ಗಂಟಲು ಎಂಬುದನ್ನೂ ಹೇಳಿದ. ಮುದುಕರು ಗೋಡೆಯ ಕಡೆ ಹೊರಳಿ ಮಲಗಿದರು. ಮಾರನೆಯ ದಿನ ಕೆಳಗೆ ಇಳಿಯಲಿಲ್ಲ. ಅದರ ಮಾರನೆಯ ದಿನವೂ ಇಳಿಯಲಿಲ್ಲ. ಹೇಳಿ ಕೆಟ್ಟೆ ಎಂದುಕೊಂಡ ನಿಧಾನಪ್ಪ.

ಮೂರನೆಯ ಬೆಳಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಮಾವ ಬಂದು ಕುರ್ಚಿಯಲ್ಲಿ ಕುಳಿತು, ಬಿಳಿ ಬಟ್ಟೆಯನ್ನು ತಾವೇ ಎಳೆದುಕೊಂಡರು. ಅವನು ಟ್ರಿಮ್ಮರ್ ಎತ್ತಿಕೊಂಡು ಉದ್ದ ಗಡ್ಡವನ್ನು ಇಳಿಸಿದ. ಬ್ರಷ್ಷಿನಲ್ಲಿ ನೊರೆ ಮಾಡಿದ. ಹೊಸ ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಕತ್ತಿಗೆ ಸಿಕ್ಕಿಸಿದ. ಮುದುಕರ ಎರಡೂ ಕೈ ಬಟ್ಟೆಯೊಳಗೆ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದದ್ದು ಅವನಿಗೆ ಕಾಣುತ್ತಿತ್ತು.

"ನಂಗೆ ಭಯ ಇದೆ ಕಣಪ್ಪ," ಎಂದರು ಕನ್ನಡಿಯಲ್ಲಿ. "ಸುಳ್ಳು ಯಾಕೆ ಹೇಳ್ಲಿ."

"ನಂಗೂ ಇದೆ ಮಾವ."

ಅವರು ತಲೆಯನ್ನು ಹಿಂದಕ್ಕೆ ಒರಗಿಸಿ ಗದ್ದ ಎತ್ತಿದರು. ನಿಧಾನಪ್ಪ ಕತ್ತಿಯನ್ನು ಗಂಟಲಿಗೆ ಇಟ್ಟ. ಅದು ಬಂತು, ಎಂದಿನ ಹಾಗೆಯೇ, ಮಾತು ಮೊದಲು, ಚಿತ್ರ ಆಮೇಲೆ. ಬೆನ್ನ ಮೇಲೆ ಬೆವರು ಇಳಿಯಿತು. ಕೈ ಮಾತ್ರ ಮೇಲಿನಿಂದ ಕೆಳಕ್ಕೆ ಒಂದು ಪಟ್ಟಿ ಎಳೆಯಿತು, ನೊರೆಯನ್ನು ಕಾಗದಕ್ಕೆ ಒರೆಸಿತು, ಇನ್ನೊಂದು ಪಟ್ಟಿ ಎಳೆಯಿತು.

"ಬಂತಾ ಅದು?" ಎಂದರು ಮಾವ ತುಟಿ ಅಲುಗಿಸದೆ.

"ಬಂದಿದೆ."

"ಹೋಯ್ತಾ?"

"ಇಲ್ಲ ಮಾವ. ಇನ್ನೂ ಇದೆ."

"ಇರಲಿ ಬಿಡು," ಎಂದರು ಅವರು, ಕಣ್ಣು ಮುಚ್ಚಿಕೊಂಡು. "ಗದ್ದದ ಕೆಳಗೆ ಬಿಟ್ಟಿದೀಯ, ಸರಿಯಾಗಿ ತೆಗಿ."