ಎರಡನೇ ಬಾತ್‌ರೂಮಿನ ಬಿಯರ್

ಮಗಳನ್ನು ಪಿಯುಸಿಗೆಂದು ಮಂಗಳೂರಿನ ಹಾಸ್ಟೆಲಿಗೆ ಬಿಟ್ಟು ಬಂದ ಮೇಲೆ ಕುವೈತಿನ ಮಂಗಫಿನ ನಮ್ಮ ಫ್ಲ್ಯಾಟಿನಲ್ಲಿ ಒಂದು ಬಾತ್‌ರೂಮು ಖಾಲಿ ಬಿತ್ತು. ಅದರಲ್ಲಿ ನನ್ನ ಗಂಡ ಬಿಯರ್ ಮಾಡತೊಡಗಿದರು. ಆ ದೇಶದಲ್ಲಿ ಅದು ಅಪರಾಧ. ಸಿಕ್ಕಿಬಿದ್ದರೆ ಮೊದಲು ಜೈಲು, ಆಮೇಲೆ ಇಕಾಮಾ ಎಂಬ ವಾಸದ ಪರವಾನಗಿ ರದ್ದಾಗಿ ಊರಿನ ವಿಮಾನ. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿದ್ದೆ. ಇವರ ಜೊತೆ ನನ್ನ ಕೆಲಸವೂ ಹೋಗುತ್ತಿತ್ತು. ಇದೆಲ್ಲ ಗೊತ್ತಿದ್ದೂ ನಾನು ಬೇಡವೆನ್ನಲಿಲ್ಲ. ಯಾಕೆಂದು ಹೇಳಬೇಕಾದರೆ ಇವರ ಕೆಲಸದ ವಿಚಾರ ಹೇಳಬೇಕು.

ಇವರು ರಿಫೈನರಿಯೊಂದರಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ಕಂಟ್ರೋಲ್ ರೂಮಿನ ಗೋಡೆಯುದ್ದಕ್ಕೂ ಇದ್ದ ಮೀಟರುಗಳನ್ನು ಹದಿನಾಲ್ಕು ವರ್ಷ ನೋಡಿಕೊಂಡವರು. ಗಾಳಿಯ ಒತ್ತಡದಿಂದ ನಡೆಯುವ ಹಳೇ ಕಾಲದ ಉಪಕರಣಗಳು ಅವು. ಮುಳ್ಳು ಸ್ವಲ್ಪ ನಡುಗಿದರೂ ಎಲ್ಲಿ ಗಾಳಿ ಸೋರುತ್ತಿದೆಯೆಂದು ಹೇಳಿಬಿಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಆ ಗೋಡೆಯನ್ನು ಕಿತ್ತು ಕಂಪ್ಯೂಟರ್ ಇಟ್ಟರು. ತರಬೇತಿಗೆ ಚಿಕ್ಕ ವಯಸ್ಸಿನವರನ್ನು ಕಳಿಸಿದರು. ಇವರನ್ನು ಸ್ಟೋರಿಗೆ ಹಾಕಿದರು. ಕಿತ್ತು ತಂದ ಮೀಟರುಗಳಿಗೆ ಚೀಟಿ ಕಟ್ಟಿ, ಪಟ್ಟಿ ಬರೆದು, ಗುಜರಿಗೆ ಕಳಿಸುವುದು ಇವರ ಹೊಸ ಕೆಲಸ. ಸಂಬಳ ಅಷ್ಟೇ ಇತ್ತು. ಮನೆಗೆ ಬಂದವರೇ ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದರು. ಟಿವಿಯಲ್ಲಿ ಏನು ಬರುತ್ತಿದೆ ಎಂದು ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಒಂದು ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಹಳೇ ಸಾಮಾನಿನ ಸಂತೆಗೆ ಹೋದೆವು. ನಾನು ಕಪಾಟು ಹುಡುಕುತ್ತಿದ್ದೆ. ಇವರು ಒಂದು ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಏನನ್ನೋ ಒರೆಸುತ್ತಿದ್ದರು. ದುಂಡಗಿನ ಮುಖದ ಟೆಂಪರೇಚರ್ ಕಂಟ್ರೋಲರ್. ಬೇಕಾದ ಬಿಸಿಗೆ ಮುಳ್ಳು ತಿರುಗಿಸಿಟ್ಟರೆ ಅಷ್ಟಕ್ಕೆ ಬಂದಾಗ ತಾನೇ ಕರೆಂಟ್ ನಿಲ್ಲಿಸುತ್ತದೆ, ಇಳಿದರೆ ಮತ್ತೆ ಕೊಡುತ್ತದೆ.

"ಇದು ಸತ್ತಿಲ್ಲ," ಎಂದರು ನನಗೆ.

"ಯಾವುದಕ್ಕೆ ಹಾಕುತ್ತೀರಿ?"

"ನೋಡುವ."

ಎರಡು ವಾರ ಬಿಟ್ಟು ಹೇಳಿದರು, ಬಿಯರ್ ಮಾಡಲಿಕ್ಕೆ ಎಂದು. ನಾನು ಹೆದರಿದೆ, ಜಗಳವನ್ನೂ ಮಾಡಿದೆ. ಆದರೆ ಆ ಎರಡು ವಾರದಲ್ಲಿ ಟಿವಿ ಹಾಕಿರಲಿಲ್ಲ. ಊಟದ ಮೇಜಿನ ಮೇಲೆ ಕಾಗದ ಹರಡಿ ವೈರಿಂಗ್ ಬರೆಯುತ್ತಿದ್ದರು. ನಾನು ಒಂದೇ ಷರತ್ತು ಹಾಕಿದೆ: ಹೊರಗಿನ ಒಬ್ಬರಿಗೂ ಒಂದು ತೊಟ್ಟು ಕೊಡಬಾರದು, ಮಾರುವ ಮಾತಂತೂ ಇಲ್ಲವೇ ಇಲ್ಲ. ಇವರು ಒಪ್ಪಿದರು. ನಿಜ ಹೇಳಬೇಕೆಂದರೆ ಇವರಿಗೇ ಕುಡಿಯುವ ಆಸೆ ಅಷ್ಟಿರಲಿಲ್ಲ. ಬಿಯರ್ ಮಾಡುವಾಗ ನಾಲ್ಕಾರು ಕಡೆ ಬಿಸಿ ಕಾಯಬೇಕು, ಹೊತ್ತು ನೋಡಬೇಕು, ಹರಿಸಬೇಕು, ತಣಿಸಬೇಕು. ಇವರಿಗೆ ಬೇಕಾಗಿದ್ದದ್ದು ಅದು.

ಎಲ್ಲವನ್ನೂ ಸಂತೆಯ ಹಳೇ ಸಾಮಾನಿನಲ್ಲೇ ಕಟ್ಟಿದರು. ಬಿರಿಯಾನಿ ಬೇಯಿಸುವ ದೊಡ್ಡ ಅಲ್ಯೂಮಿನಿಯಂ ಪಾತ್ರೆಗೆ ಗೀಸರಿನ ಕಾಯಿಲ್ ಕೂರಿಸಿದರು. ಕೆಟ್ಟ ವಾಷಿಂಗ್ ಮೆಷಿನ್ನಿನಿಂದ ಪಂಪು ಮತ್ತು ಟೈಮರ್ ಬಿಚ್ಚಿದರು. ಪಂಪು ಬಾರ್ಲಿಯ ರಸವನ್ನು ಕೆಳಗಿನಿಂದ ಎಳೆದು ಮೇಲಿನಿಂದ ಸುರಿಯುತ್ತಿತ್ತು, ಟೈಮರ್ ಹೊತ್ತು ಮುಗಿದಾಗ ಗಂಟೆ ಬಾರಿಸುತ್ತಿತ್ತು. ಹುಳಿಬರಲು ಇಡುವುದಕ್ಕೆ ನೀರಿನ ದೊಡ್ಡ ಬಾಟಲಿ. ಅದು ಕೂರಲು ಗ್ಯಾಸ್ ಹೋದ ಒಂದು ಫ್ರಿಡ್ಜ್. ಆ ಫ್ರಿಡ್ಜಿನೊಳಗೆ ಬೇಸಿಗೆಯಲ್ಲಿ ಐಸ್, ಚಳಿಗಾಲದಲ್ಲಿ ಒಂದು ಬಲ್ಬು. ನಲ್ಲಿಗಳನ್ನು ಮಾತ್ರ ಕೈಯಲ್ಲೇ ತಿರುಗಿಸಬೇಕಿತ್ತು.

"ಅರ್ಧ ಆಟೋಮ್ಯಾಟಿಕ್," ಎನ್ನುತ್ತಿದ್ದರು. ಉಳಿದರ್ಧ ನಾನು. ಗಂಟೆ ಬಾರಿಸಿದಾಗ ಇವರು "ಈಗ!" ಎನ್ನುವುದು, ನಾನು ನಲ್ಲಿ ತಿರುಗಿಸುವುದು.

ಕುರಿಗಳ ಮೇವಿಗೆ ಮಾರುವ ಬಾರ್ಲಿಯನ್ನು ಒಂದು ಚೀಲ ತಂದು, ಹೆಸರುಕಾಳಿನ ಹಾಗೆ ನೆನೆಸಿ ಮೊಳಕೆ ಬರಿಸಿ, ತಾರಸಿಯಲ್ಲಿ ಒಣಗಿಸಿದೆವು. ಜುಲೈ ತಿಂಗಳ ಬಿಸಿಲಿಗೆ ಒಂದೇ ದಿನದಲ್ಲಿ ಗರಿಗರಿಯಾಯಿತು. ರಸದ ಸಾಂದ್ರತೆ ಅಳೆಯಲು ನಾನು ಲ್ಯಾಬಿನಿಂದ ಒಂದು ಯೂರಿನೋಮೀಟರ್ ತಂದೆ. ಮೂತ್ರ ಎಷ್ಟು ಗಟ್ಟಿಯಿದೆಯೆಂದು ತೇಲಿಸಿ ನೋಡುವ ಗಾಜಿನ ಕೊಳವೆ ಅದು; ಹೊಸ ಯಂತ್ರ ಬಂದ ಮೇಲೆ ಡ್ರಾಯರಿನಲ್ಲಿ ಬಿದ್ದಿತ್ತು. ಎಸೆಯುವ ಸಾಮಾನಿನ ಜೊತೆ ಹೊರಟಾಗ ಕೇಳಿ ತೆಗೆದುಕೊಂಡೆ. ಇದು ಮೂತ್ರದ್ದು ಎಂದು ಹೇಳಿದಾಗ ಇವರು, "ತೊಳೆದಿದ್ದಾರಲ್ಲ?" ಎಂದರು.

ಕುದಿಸಿದ ರಸವನ್ನು ತಣಿಸುವುದೇ ದೊಡ್ಡ ಪಾಡಾಯಿತು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಕಾದು, ತಣ್ಣೀರಿನ ನಲ್ಲಿಯಲ್ಲಿ ಕೈಸುಡುವ ನೀರು ಬರುತ್ತದೆ. ಅಲ್ಲಿ ಎಲ್ಲರೂ ಮಾಡುವಂತೆ ನಾವು ಗೀಸರಿನ ಸ್ವಿಚ್ ಆರಿಸಿ, ಏಸಿಯ ತಂಪಿನಲ್ಲಿದ್ದ ಅದರ ನೀರನ್ನೇ ತಣ್ಣೀರಾಗಿ ಬಳಸುತ್ತಿದ್ದೆವು. ಅದು ಒಂದು ಗೀಸರಿನಷ್ಟು ಮಾತ್ರ. ಆಮೇಲೆ ಐಸು.

ಐಸು, ಸಕ್ಕರೆ, ಈಸ್ಟು ಎಲ್ಲ ನಮ್ಮ ಕಟ್ಟಡದ ನೆಲ ಅಂತಸ್ತಿನ ಬಕಾಲಾದಿಂದ, ಅಂದರೆ ಕಿರಾಣಿ ಅಂಗಡಿಯಿಂದ. ಆ ಅಂಗಡಿಯವರು ನಮ್ಮ ದಕ್ಷಿಣ ಕನ್ನಡದವರೇ, ಬ್ಯಾರಿಗಳು. ಐವತ್ತು ದಾಟಿದವರು. ನಮ್ಮ ಫ್ಲ್ಯಾಟಿನ ನೇರ ಕೆಳಗೆ, ಎರಡನೇ ಮಾಳಿಗೆಯಲ್ಲಿ ಹೆಂಡತಿಯ ಜೊತೆ ಇದ್ದರು. ನಾವು ಅವರನ್ನು ಕಾಕ ಎನ್ನುತ್ತಿದ್ದೆವು. ನಾನು ನರ್ಸ್ ಅಲ್ಲವೆಂದು ಎಷ್ಟು ಹೇಳಿದರೂ ಅವರಿಗೆ ನಾನು ಸಿಸ್ಟರ್, ಇವರು ಪೊರ್ಬುಗಳು; ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುತ್ತಾರೆ.

"ಇಷ್ಟು ಈಸ್ಟ್ ಎಂತಕ್ಕೆ ಸಿಸ್ಟರ್, ಬೇಕರಿ ಇಟ್ಟಿದ್ದೀರಾ?" ಎಂದು ಒಮ್ಮೆ ಕೇಳಿದರು.

"ಸಾನ್ನಾ ಮಾಡ್ಲಿಕ್ಕೆ ಕಾಕ. ಇಲ್ಲಿ ಕಳ್ಳು ಸಿಗುದಿಲ್ವಲ್ಲ." ನಮ್ಮ ಕ್ರಿಶ್ಚಿಯನ್ನರ ಮನೆಯಲ್ಲಿ ಕಳ್ಳು ಹಾಕಿ ಮಾಡುವ ಇಡ್ಲಿ ಸಾನ್ನಾ. ಸುಳ್ಳು ಸಲೀಸಾಗಿ ಬಂತು. ಕಾಕ ತಲೆಯಾಡಿಸಿ ಈಸ್ಟ್ ಕಟ್ಟಿಕೊಟ್ಟರು.

ಬಿಯರಿಗೆ ಕಹಿ ಬೇಕು. ಅದಕ್ಕೆ ಹಾಕುವ ಹೂವು ಎಲ್ಲಿ ಸಿಗುತ್ತದೆಂದು ಇವರಿಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಜ್ವರಕ್ಕೆಂದು ಅಮ್ಮ ಕಟ್ಟಿಕೊಟ್ಟಿದ್ದ ಕಿರಾತಕಡ್ಡಿ ನನ್ನ ಡಬ್ಬಿಯಲ್ಲಿತ್ತು. ಅದನ್ನೇ ಒಂದು ಹಿಡಿ ಹಾಕಿದರು. ಮೂರು ವಾರದ ನಂತರ ಗ್ಲಾಸಿಗೆ ಸುರಿದಾಗ ಬಣ್ಣ ಚೆನ್ನಾಗಿತ್ತು, ನೊರೆ ಕೂಡ ಬಂತು. ಒಂದು ಗುಟುಕು ಕುಡಿದು ಇವರು ಮುಖ ಕಿವುಚಿದರು. ನಾನೂ ನಾಲಗೆಗೆ ಮುಟ್ಟಿಸಿದೆ. ನನ್ನ ಬಾಲ್ಯದ ಎಲ್ಲ ಜ್ವರಗಳೂ ಅದರಲ್ಲಿದ್ದವು.

ಮುಂದಿನ ಸಲ ಎರಡೇ ಎರಡು ಕಡ್ಡಿ ಹಾಕಿದರು, ಕಿತ್ತಳೆ ಸಿಪ್ಪೆ ಹಾಕಿದರು. ನಾಲ್ಕನೆಯ ಸಲದ್ದು ನಿಜವಾಗಿಯೂ ಬಿಯರ್ ಆಯಿತು. ಇವರು ಅರ್ಧ ಗ್ಲಾಸು ಕುಡಿದು, ಉಳಿದದ್ದನ್ನು ಮೇಜಿನ ಮೇಲಿಟ್ಟುಕೊಂಡು, ಬಿಸಿ ಎರಡು ಡಿಗ್ರಿ ಆಚೆ ಈಚೆ ಆಗದ ಹಾಗೆ ಹಿಡಿದಿಟ್ಟದ್ದು ಹೇಗೆಂದು ನನಗೆ ಒಂದು ಗಂಟೆ ವಿವರಿಸಿದರು. ನನಗೆ ಅರ್ಧ ಅರ್ಥವಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಇಷ್ಟು ಮಾತಾಡುತ್ತಿದ್ದಾರಲ್ಲ ಎಂದು ಕೇಳುತ್ತಾ ಕೂತೆ.

ಆ ವರ್ಷ ರಂಜಾನ್ ಚಳಿಗಾಲದಲ್ಲಿ ಬಂತು. ಏಸಿ ನಿಲ್ಲಿಸಿ ಎಲ್ಲರೂ ಕಿಟಕಿ ತೆರೆದಿದ್ದರು. ಐದನೆಯ ಸಲದ ಬಾಟಲಿ ಫ್ರಿಡ್ಜಿನೊಳಗೆ ಕುಳಿತು ವಾರವಾಗಿತ್ತು, ಗುಳುಗುಳು ಎನ್ನುತ್ತಿತ್ತು. ಒಂದು ಸಂಜೆ, ಉಪವಾಸ ಬಿಡುವ ಬಾಂಗಿಗೆ ಇನ್ನೂ ಒಂದು ಗಂಟೆ ಇರುವಾಗ, ಬಾಗಿಲು ಬಡಿದ ಸದ್ದಾಯಿತು. ಕಾಕ ನಿಂತಿದ್ದರು. ಬರಿಗೈ, ತುಟಿ ಒಣಗಿತ್ತು.

"ಒಳಗೆ ಬನ್ನಿ ಕಾಕ."

"ಬೇಡ ಸಿಸ್ಟರ್, ಇಲ್ಲೇ ಆದೀತು. ಪೊರ್ಬುಗಳನ್ನೂ ಕರೀರಿ."

ಇವರು ಬಂದರು. ಕಾಕ ದನಿ ತಗ್ಗಿಸಿದರು. "ಬೇಜಾರು ಮಾಡ್ಬೇಡಿ. ನಿಮ್ಮ ಆ ಬಾತ್‌ರೂಮಿನ ವಾಸನೆ ಉಂಟಲ್ಲ, ಅದು ಗಾಳಿಯ ಶಾಫ್ಟಿನಲ್ಲಿ ಇಳಿದು ನಮ್ಮ ಮನೆಗೆ ಬರ್ತದೆ. ನಮಾಜಿನ ಕೋಣೆಗೇ ಬರ್ತದೆ."

"ಎಂತ ವಾಸನೆ ಕಾಕ?" ಎಂದರು ಇವರು.

"ಪೊರ್ಬುಗಳೇ, ನಾನು ಊರಲ್ಲಿ ಕಳ್ಳಿನ ಗಡಂಗಿನ ಪಕ್ಕದಲ್ಲೇ ಬೆಳೆದವ. ಕುಡಿಲಿಲ್ಲ ಅಂತ ವಾಸನೆ ಗೊತ್ತಾಗುದಿಲ್ವಾ? ಸಿಸ್ಟರ್ ಸಾನ್ನಾ ಅಂತ ಹೇಳಿದ್ರು. ನಾನು ಮತ್ತೆ ಕೇಳ್ಲಿಲ್ಲ. ನಿಮ್ಮ ಮನೆ, ನಿಮ್ಮ ವಿಷಯ."

ನನಗೆ ತಲೆ ಎತ್ತಲಾಗಲಿಲ್ಲ.

"ಆದ್ರೆ ನಿನ್ನೆ ಹಾರಿಸ್ ಅಂಗಡಿಗೆ ಬಂದ," ಎಂದರು. ಹಾರಿಸ್ ಎಂದರೆ ಕಟ್ಟಡ ಕಾಯುವವನು, ಈಜಿಪ್ಟಿನ ಮುದುಕ. "ಮೂರನೇ ಮಾಳಿಗೆಯಲ್ಲಿ ಎಂತ ಮಾಡ್ತಾರೆ, ಹುಳಿ ವಾಸನೆ ಬರ್ತದೆ ಅಂತ ಕೇಳಿದ. ನಾನು ಖಲ್ ಅಂತ ಹೇಳಿದೆ. ವಿನೆಗರ್. ಅವರ ಕಡೆಯವರು ಮನೆಯಲ್ಲೇ ಮಾಡ್ತಾರೆ, ಮೀನಿಗೆ ಹಾಕ್ತಾರೆ ಅಂತ."

"ದೊಡ್ಡ ಉಪಕಾರ ಆಯ್ತು ಕಾಕ," ಎಂದೆ ನಾನು.

"ಉಪಕಾರ ಅಲ್ಲ ಸಿಸ್ಟರ್. ನೋಂಬಿನಲ್ಲಿ ಬಾಯಿಗೆ ನೀರು ಹಾಕದೆ ಕೂತಿದ್ದೇನೆ, ಅದೇ ಬಾಯಲ್ಲಿ ಸುಳ್ಳು ಹೇಳಿದೆ. ಅವ ಇನ್ನೊಮ್ಮೆ ಕೇಳಿದ್ರೆ ನನ್ನ ಹತ್ರ ಆಗುದಿಲ್ಲ. ನನಗೆ ಗೊತ್ತಿಲ್ಲ ಅಂತ ಹೇಳ್ತೇನೆ. ಹಾಗೆ ಹೇಳಿದ್ರೆ ಅವ ಮೇಲೆ ಬಂದು ನೋಡ್ತಾನೆ. ಅದಕ್ಕೇ ಮೊದಲೇ ಹೇಳುವ ಅಂತ ಬಂದೆ."

ಇಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಇವರು ಬಾತ್‌ರೂಮಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತರು. ಪೊಲೀಸರ ಹೆದರಿಕೆ ನಮಗೆ ಮೊದಲಿನಿಂದಲೂ ಇತ್ತು, ಅದರ ಜೊತೆ ಬದುಕಲು ಕಲಿತಿದ್ದೆವು. ಇದು ಬೇರೆ. ಒಂದು ತೊಟ್ಟೂ ಮುಟ್ಟದ ಮನುಷ್ಯ ನಮಗೋಸ್ಕರ ತನ್ನ ಉಪವಾಸದ ದಿನ ಸುಳ್ಳು ಹೇಳಿದ್ದ.

"ಚೆಲ್ಲಿಬಿಡುವ," ಎಂದೆ.

"ಇಪ್ಪತ್ತು ಲೀಟರ್ ಚೆಲ್ಲಿದರೆ ಇಡೀ ಶಾಫ್ಟ್ ನಾರುತ್ತದೆ." ಬಾಟಲಿಯತ್ತ ನೋಡುತ್ತಾ ಕೇಳಿದರು, "ಇದಕ್ಕೆ ಗಾಳಿ ಬಿಟ್ಟರೆ ಏನಾಗುತ್ತದೆ?"

"ಹುಳಿಯಾಗುತ್ತದೆ. ವಿನೆಗರ್ ಆಗುತ್ತದೆ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಊರಿನಿಂದ ತಂದ ಕಳ್ಳಿನ ವಿನೆಗರ್ ಅಡುಗೆಮನೆಯಲ್ಲಿತ್ತು. ತಳದಲ್ಲಿ ಲೋಳೆಯಂಥ ಗಷ್ಟು. ಅದನ್ನು ಹೆಪ್ಪಿನಂತೆ ಹಾಕಿದೆ. ಇವರು ಮೀನಿನ ತೊಟ್ಟಿಗೆ ಗಾಳಿಯೂದುವ ಸಣ್ಣ ಪಂಪು ತಂದು ಕೊಳವೆ ಇಳಿಬಿಟ್ಟರು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದರು, ಬಲ್ಬಿನ ಬಿಸಿ ಮೂವತ್ತು ಡಿಗ್ರಿಗೆ ನಿಲ್ಲಿಸಿದರು. ಶಾಫ್ಟಿನ ಕಡೆಯ ಫ್ಯಾನು ಮುಚ್ಚಿ ವಾಸನೆಯನ್ನೆಲ್ಲ ನಾವೇ ಉಂಡೆವು. ಬಿರಿಯಾನಿ ಪಾತ್ರೆಯಿಂದ ಕಾಯಿಲ್, ಪಂಪು ಎಲ್ಲ ಬಿಚ್ಚಿಟ್ಟರು.

ನಾಲ್ಕನೇ ದಿನ ಹಾರಿಸ್ ಬಂದೇ ಬಂದ. ಅವನ ಕೈಯಲ್ಲೊಂದು ಖಾಲಿ ಬಾಟಲಿ. ಅವನ ಅರಬ್ಬಿ, ನನ್ನ ಆಸ್ಪತ್ರೆಯ ಅರಬ್ಬಿ ಸೇರಿಸಿ ತಿಳಿದದ್ದಿಷ್ಟು: ಈದ್ ಹಬ್ಬಕ್ಕೆ ಅವನು ಮೂಲಂಗಿ, ಸೌತೆಕಾಯಿ ಉಪ್ಪಿನಕಾಯಿ ಹಾಕುತ್ತಾನೆ, ಅಂಗಡಿಯ ಖಲ್ ಬರೀ ನೀರು, ನಮ್ಮದು ಸ್ವಲ್ಪ ಕೊಟ್ಟರೆ ಒಳ್ಳೆಯದು.

"ಲಿಸ್ಸಾ," ಎಂದೆ. ಇನ್ನೂ ಆಗಿಲ್ಲ. "ಬಾದ್ ಈದ್." ಈದ್ ಆದ ಮೇಲೆ.

"ತಮಾಮ್," ಎಂದು ಬಾಟಲಿಯನ್ನು ನಮ್ಮ ಬಾಗಿಲ ಬಳಿಯೇ ಇಟ್ಟು ಹೋದ.

ವಾರಕ್ಕೊಮ್ಮೆ ನಾನು ಸಣ್ಣ ಸೀಸೆಯಲ್ಲಿ ಸ್ವಲ್ಪ ಲ್ಯಾಬಿಗೆ ಒಯ್ದು ಊಟದ ಬಿಡುವಿನಲ್ಲಿ ಆಮ್ಲ ಎಷ್ಟಿದೆಯೆಂದು ನೋಡುತ್ತಿದ್ದೆ. ಇವರು ಅದನ್ನು ಗ್ರಾಫ್ ಕಾಗದದಲ್ಲಿ ಬರೆದು ಗೆರೆ ಎಳೆಯುತ್ತಿದ್ದರು. ಈದ್ ಕಳೆದು ಎರಡು ವಾರಕ್ಕೆ ಅದು ಸರಿಯಾದ ವಿನೆಗರ್ ಆಯಿತು. ಕುದಿಸಿ ಸೋಸಿದೆವು. ಹಾರಿಸ್‌ಗೆ ಅವನ ಬಾಟಲಿ ತುಂಬಿಸಿ ಕೊಟ್ಟೆ. ಅವನು ಮುಚ್ಚಳದಲ್ಲಿ ಒಂದಿಷ್ಟು ಹಾಕಿ ಕುಡಿದು, ಕೆಮ್ಮಿ, ಕಣ್ಣೊರೆಸಿಕೊಂಡು ಕೈ ಮೇಲೆತ್ತಿ ಹೊಗಳಿದ. ಕುಡಿಯುವಾಗ ನನಗೆ ಕಸಿವಿಸಿಯಾಯಿತು. ಅದು ಮೊದಲು ಏನಾಗಿತ್ತೆಂದು ಅವನಿಗೆ ಹೇಳಿರಲಿಲ್ಲ. ಅಷ್ಟರ ಮಟ್ಟಿಗೆ ನಾನು ಮಾಡಿದ್ದು ಸರಿಯಲ್ಲ.

ಕಾಕನಿಗಾದರೂ ಹೇಳಿಯೇ ಕೊಡಬೇಕೆಂದು ಇವರು ಹಟ ಹಿಡಿದರು. ಬೆಳಿಗ್ಗೆ ಗಿರಾಕಿ ಇಲ್ಲದ ಹೊತ್ತಿಗೆ ಇಬ್ಬರೂ ಅಂಗಡಿಗೆ ಹೋದೆವು. ಇವರು ಎಲ್ಲವನ್ನೂ ಹೇಳಿ ಬಾಟಲಿ ಕೌಂಟರಿನ ಮೇಲಿಟ್ಟರು. ಕಾಕ ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಇಟ್ಟರು.

"ಬೇಡ ಪೊರ್ಬುಗಳೇ. ತನ್ನಿಂತಾನೇ ಹುಳಿಯಾದ್ರೆ ಅಡ್ಡಿಯಿಲ್ಲ, ನಾವೇ ಮಾಡಿದ್ರೆ ಆಗುದಿಲ್ಲ ಅಂತ ಕೆಲವರು ಹೇಳ್ತಾರೆ. ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದು ತಿನ್ನುದು ಬೇಡ."

"ಆದ್ರೆ ಕಾಕ, ನೀವು ಹೇಳಿದ್ದು ಈಗ ಸುಳ್ಳಲ್ಲ," ಎಂದರು ಇವರು.

ಕಾಕ ಬಾಟಲಿಯನ್ನು ಇವರ ಕಡೆಗೆ ಸರಿಸಿದರು. "ಹೇಳುವಾಗ ಸುಳ್ಳೇ ಅಲ್ವಾ? ಅದನ್ನು ನಾನು ನೋಡಿಕೊಳ್ತೇನೆ. ನೀವು ಇನ್ನು ಮಾಡ್ಬೇಡಿ, ಖಲಾಸ್." ಆಮೇಲೆ ಮೂರು ಚಹಾ ತರಿಸಿದರು.

ಮತ್ತೆ ಮಾಡಲಿಲ್ಲ. ಇವರು ಇನ್ನೂ ಒಂದು ವರ್ಷ ಸ್ಟೋರಿನಲ್ಲೇ ಇದ್ದರು. ಸಂಜೆ ಹೊತ್ತು ಪರಿಚಯದವರ ಮನೆಯ ಓವನ್, ಫ್ರಿಡ್ಜ್ ರಿಪೇರಿ ಮಾಡುತ್ತಿದ್ದರು. ಬೇಕರಿಗಳ ಒಲೆ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಗೆ ಆಳು ಬೇಕೆಂದು ಗೊತ್ತಾದಾಗ ಹೋಗಿ ವಿಚಾರಿಸಿದರು. ಕರೆಂಟಿನ ಕಂಟ್ರೋಲರ್ ಕೆಲಸ ಬರುತ್ತದೆಯೇ ಎಂದು ಅಲ್ಲಿಯವರು ಕೇಳಿದರಂತೆ. ಇವರು ಕಾಗದ ತೆಗೆದುಕೊಂಡು ಸರ್ಕ್ಯೂಟ್ ಬರೆದು ತೋರಿಸಿದರು. ಎಲ್ಲಿ ಕಲಿತಿರಿ ಎಂದದ್ದಕ್ಕೆ, ಮನೆಯಲ್ಲಿ ಎಂದರು. ಕಫೀಲ್, ಅಂದರೆ ವೀಸಾ ಕೊಡುವ ಮಾಲೀಕ, ಬದಲಾಗಲು ಮೂರು ತಿಂಗಳು ಹಿಡಿಯಿತು. ಮೊದಲ ದಿನ ರಿಗ್ಗೈಯ ಒಂದು ಬೇಕರಿಗೆ ಕಳಿಸಿದರು. ಅಂದು ಮಧ್ಯಾಹ್ನ ಇವರು ಮನೆಗೆ ಬಂದಾಗ ಶೂ ತುಂಬ ಮೈದಾ, ಬಗಲಲ್ಲಿ ಪೇಪರು ಸುತ್ತಿದ ಬಿಸಿ ಖುಬ್ಬೂಸ್ ರೊಟ್ಟಿ. ಒಲೆ ಎಡಗಡೆ ಹೆಚ್ಚು ಕಾಯುತ್ತಿತ್ತು, ಸರಿ ಮಾಡಿದೆ, ಎನ್ನುತ್ತಾ ಶೂ ಬಿಚ್ಚಲು ಕೂತರು.