ಬಚ್ಚಲಲ್ಲಿ ಕುಡಿದ ನೀರು

ಮೆಟ್ಟೂರಿನ ಅಣೆ ಕಟ್ಟಿ ಮುಗಿದು, ಕಾವೇರಿ ಕಣ್ಣು ಹಾಯುವಷ್ಟು ದೂರ ತುಂಬಿ ನಿಂತಿದ್ದಾಳಂತೆ ಎಂದು ಜನ ಬಂಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದ ಕಾಲ. ಎಡಪ್ಪಾಡಿಯ ನನ್ನ ತವರಿನ ಕತ್ತಲೆ ಕೋಣೆಯಲ್ಲಿ ಚೊಚ್ಚಲ ಬಾಣಂತಿಯಾಗಿ ಮಲಗಿದ್ದ ನನಗೆ ಮಾತ್ರ ಒಂದು ಗುಟುಕು ನೀರಿಗೂ ಗತಿಯಿರಲಿಲ್ಲ.

ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬುದು ಅವ್ವನ ಶಾಸ್ತ್ರ. ಅವಳ ಅವ್ವ ಅವಳನ್ನೂ ಹೀಗೇ ಒಣಗಿಸಿದ್ದಳಂತೆ. ಬೆಳ್ಳುಳ್ಳಿ ಮೆಣಸಿನ ಸಾರು, ತುಪ್ಪ, ಮೇಲೆ ಶುಂಠಿ ಬೆಲ್ಲದ ಉಂಡೆ, ಎಲ್ಲವೂ ಉರಿ. ಕೊನೆಗೆ ಒಂದು ಒಳಲೆಯಷ್ಟು ಬಿಸಿ ಜೀರಿಗೆ ನೀರು, ಅಷ್ಟೇ. ಹೊರಗೆ ಚಿತ್ತಿರೆ ತಿಂಗಳ ಬಿಸಿಲು, ಒಳಗೆ ಮಂಚದ ಕೆಳಗೆ ಕೆಂಡ. ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. ಹಾಲೂ ಕಡಿಮೆಯಾಗುತ್ತ ಬಂತು. ಮಗು ಎದೆ ಎಳೆದು ಎಳೆದು, ಸಿಗದೆ ಅಳುತ್ತಿತ್ತು.

ಅವ್ವನನ್ನು ಎಷ್ಟು ಬೇಡಿದರೂ ಕರಗಲಿಲ್ಲ. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ ಅವಳು ಬಚ್ಚಲ ಗೋಡೆಯ ಪಕ್ಕ ಚಾಪೆಯಲ್ಲಿ ಮಲಗಿಕೊಂಡೇ ನನ್ನ ಬಾಣಂತನ ನಡೆಸುತ್ತಿದ್ದಳು. ಮೈ ಏಳದಿದ್ದರೇನು, ಕಿವಿ ಬಲು ಚುರುಕು. ಅಡಿಗೆಮನೆಯಲ್ಲಿ ನೀರಿನ ಮಡಕೆಯ ಮುಚ್ಚಳ ಸರಿದರೆ ಸಾಕು, ಯಾರದು ಎನ್ನುವಳು.

ಕೈಯಿಂದ ಮಾಡುವುದನ್ನೆಲ್ಲ ಮಾಡುತ್ತಿದ್ದವಳು ಅತ್ತಿಗೆ, ನನ್ನಣ್ಣನ ಹೆಂಡತಿ. ಅವಳಿಗೂ ನನಗೂ ಮಾತಿರಲಿಲ್ಲ. ಮದುವೆಯಾಗಿ ಶಂಕಗಿರಿಗೆ ಹೊರಟ ದಿನ, ಚಿಕ್ಕಂದಿನಿಂದ ನಾನು ನೀರು ಕುಡಿದ ತಾಮ್ರದ ಚೊಂಬನ್ನು ಗಂಟಿನಲ್ಲಿ ಇಟ್ಟುಕೊಳ್ಳಲು ಹೋದರೆ ಈ ಮಹಾತಾಯಿ ಕಿತ್ತುಕೊಂಡು, ಬೀಗರೆದುರಿಗೇ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಈ ಮನೇದು ಈ ಮನೇಲೇ ಇರ್ಲಿ" ಅಂದಿದ್ದಳು. ನನಗೋ ಮೂಗಿನ ತುದಿಯಲ್ಲೇ ಕೋಪ. ಇವಳ ಕೈಯಿಂದ ಹನಿ ನೀರನ್ನೂ ಕೇಳುವುದಿಲ್ಲ ಎಂದು ಆಣೆಯಿಟ್ಟುಕೊಂಡೇ ಬಂಡಿ ಹತ್ತಿದ್ದೆ. ಈಗ ನೋಡಿದರೆ ಅವಳೇ ಎಣ್ಣೆ ಹಚ್ಚಬೇಕು, ಅವಳೇ ನೀರೆರೆಯಬೇಕು. ದೇವರಿಗೆ ಬೇರೆ ಕೆಲಸವಿರಲಿಲ್ಲವೇನೋ.

ಅವಳೇನು ಕಡಿಮೆಯೇ? ತುಟಿ ಬಿಚ್ಚದೆ, ನೂಲಿಗೆ ಗಂಜಿ ತಿಕ್ಕುವ ಹಾಗೆ ನನ್ನ ಬೆನ್ನು ತಿಕ್ಕುತ್ತಿದ್ದಳು. ಹಂಡೆಯ ಸುಡುನೀರನ್ನು ಸೊಂಟಕ್ಕೆ ರಪ್ಪೆಂದು ಬೀಸಿ ಹೊಡೆಯುತ್ತಿದ್ದಳು. ಇದು ಪದ್ಧತಿಯೋ, ಸೇಡೋ ತಿಳಿಯದೆ ಹಲ್ಲು ಕಚ್ಚಿ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಮಗು ಅತ್ತು ಅತ್ತು ಸೋತು ನಿದ್ದೆಹೋದ ಮೇಲೆ ನನ್ನನ್ನು ಬಚ್ಚಲಿಗೆ ಕರೆದೊಯ್ದಳು. ಒಂದು ಕೈಯಲ್ಲಿ ಕಲ್ಲಿನ ಮೇಲೆ ಸದ್ದಾಗುವಂತೆ ನೀರು ಸುರಿಯುತ್ತ, ಇನ್ನೊಂದು ಕೈಯಿಂದ ಸೌದೆಯ ಸಂದಿಯಲ್ಲಿದ್ದ ಏನನ್ನೋ ತೆಗೆದು ನನ್ನ ಬಾಯಿಗೆ ಹಿಡಿದಳು. ಅದೇ ತಾಮ್ರದ ಚೊಂಬು, ಅದರ ತುಂಬ ಕಾಯಿಸಿ ಆರಿಸಿದ ನೀರು. ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು:

"ಅತ್ತೆಗ್ ಕೇಳಿಸ್ತೈತೆ. ಸೀಕ್ರಂ ಕುಡಿ."

ಆಣೆಯೂ ಇಲ್ಲ, ಗೀಣೆಯೂ ಇಲ್ಲ, ಗಟಗಟ ಕುಡಿದೆ. ಗೋಡೆಯಾಚೆಯಿಂದ ಅವ್ವ, ಇನ್ನೂ ಹಾಕು, ಸೊಂಟಕ್ಕೆ ಚೆನ್ನಾಗಿ ಹಾಕು ಎಂದು ಕೂಗಿದಳು. ಹಾಕುತ್ತಿದ್ದೇನೆ ಅತ್ತೆ ಎಂದು ಅತ್ತಿಗೆ ಬಲು ವಿನಯದಿಂದ ಹೇಳಿ, ಚೊಂಬನ್ನು ಇನ್ನಷ್ಟು ಎತ್ತಿ ಹಿಡಿದಳು. ನಗು ಉಕ್ಕಿ ನನಗೆ ನೀರು ನೆತ್ತಿಗೇರಿತು.

ಆಮೇಲೆ ದಿನವೂ ಅದೇ ಕಳ್ಳಾಟ. ಎದೆಯಲ್ಲಿ ಹಾಲು ತುಂಬಿತು, ಮಗು ಮೈ ತುಂಬಿಕೊಂಡಿತು. ನೋಡಲು ಬಂದವರಿಗೆಲ್ಲ ಅವ್ವ, ನೀರು ಕೊಡದೆ ಪಥ್ಯ ಮಾಡಿಸಿದ್ದಕ್ಕೆ ತಾಯಿ ಮಗು ಹೇಗಿದ್ದಾರೆ ನೋಡಿ ಎಂದು ಬೀಗುತ್ತಿದ್ದಳು. ನಾವಿಬ್ಬರೂ ತಲೆ ತಗ್ಗಿಸಿ ಹೌದೆನ್ನುತ್ತಿದ್ದೆವು.

ನನ್ನ ಎರಡನೆಯ ಬಸುರಿನ ಹೊತ್ತಿಗೆ ಅವ್ವ ತೀರಿಕೊಂಡಿದ್ದಳು. ಅವ್ವನಿಲ್ಲದ ತವರಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಶಂಕಗಿರಿಯಲ್ಲೇ ಕೂತಿದ್ದೆ. ಒಂದು ದಿನ ಅತ್ತಿಗೆಯೇ ಬಂಡಿ ಕಟ್ಟಿಸಿಕೊಂಡು ಬಂದಳು. ಬೀಗರೆದುರಿಗೇ ನಿಂತು, "ಅತ್ತೆ ಓದ್ರೆ ಮನೆ ಓಯ್ತಾ? ಏಳು, ನಮ್ಮನೆಗ್ ಓಗಣ" ಅಂದಳು. ಎದ್ದು ಬಂಡಿ ಹತ್ತಿದೆ.

ಹೆರಿಗೆಯಾಗಿ ಮೊದಲ ಸಲ ನೀರೆರೆಯುವ ದಿನ. ಗೋಡೆಯಾಚೆ ಚಾಪೆಯಿಲ್ಲ, ಬೇಡ ಎನ್ನುವವರು ಯಾರೂ ಇಲ್ಲ. ಕೊಡವನ್ನೇ ಎದುರಿಗಿಟ್ಟುಕೊಂಡು ಕುಡಿಯಬಹುದಿತ್ತು. ಆದರೂ ಅತ್ತಿಗೆ ಸೌದೆಯ ಸಂದಿಗೆ ಕೈ ಹಾಕಿದಳು. ಕಲ್ಲಿನ ಮೇಲೆ ನೀರು ಸುರಿಯುತ್ತ, ಚೊಂಬನ್ನು ನನ್ನ ಬಾಯಿಗೆ ಹಿಡಿದು, ಗೋಡೆಯತ್ತ ಒಮ್ಮೆ ನೋಡಿದಳು.

"ಅತ್ತೆಗ್ ಕೇಳಿಸ್ತೈತೆ," ಅಂದಳು. "ಸೀಕ್ರಂ ಕುಡಿ."

ಬಾಯಿಟ್ಟೆ, ನನ್ನ ಕಣ್ಣೀರು ಚೊಂಬಿಗೇ ಬಿತ್ತು. ಅವಳೂ ಅಳುತ್ತಿದ್ದಳು. ಇನ್ನೂ ಹಾಕು ಎಂಬ ಆ ಕೂಗಿಗಾಗಿ ಇಬ್ಬರೂ ಕಾದು ಕೂತೆವು.