ನಿಂತ ಆಂಬುಲೆನ್ಸಿನ ಹಿಂದೆ

ತಂಗಿಗೆ ದಿನ ತುಂಬಿತ್ತೆಂದು ನಾನು ಹೊಸಪೇಟೆಯಿಂದ ಯಶವಂತನಗರಕ್ಕೆ ಹೋಗಿದ್ದೆ. ಅವಳ ಗಂಡ ಗಣಿಯಲ್ಲಿ ಕೆಲಸದ ಮೇಲಿದ್ದಾಗಲೇ ಒಂದು ಮಧ್ಯಾಹ್ನ ನೋವು ಶುರುವಾಯಿತು. ಆಂಬುಲೆನ್ಸ್ ಬೇಗನೆ ಬಂತು. ಸಂಡೂರಿನ ಆಸ್ಪತ್ರೆ ದೂರವೇನಲ್ಲ. ಆದರೂ ಅರ್ಧ ದಾರಿಯಲ್ಲಿ ನರ್ಸಮ್ಮ ಡ್ರೈವರನ್ನು ಕೂಗಿದರು: "ಇಲ್ಲೇ ಸೈಡಿಗೆ ಹಾಕ್ರಿ. ತಲಿ ಕಾಣಾಕತ್ತೈತಿ."

ಗಾಡಿ ನಿಂತಿತು. ಸೈರನ್ ನಿಂತಿತು, ಮೇಲಿನ ದೀಪ ಮಾತ್ರ ತಿರುಗುತ್ತಿತ್ತು. ಕೂಗುತ್ತ ಓಡುವ ಆಂಬುಲೆನ್ಸಿಗೆ ನಮ್ಮ ಕಡೆ ಎಲ್ಲರೂ ದಾರಿ ಬಿಡುತ್ತಾರೆ. ಅದೇ ನಿಂತುಬಿಟ್ಟರೆ ಯಾರಿಗೂ ಅದರ ಗೊಡವೆಯಿಲ್ಲ. ಅದಿರಿನ ಲಾರಿಗಳು ಒಂದರ ಹಿಂದೊಂದು ಅದೇ ವೇಗದಲ್ಲಿ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಪ್ರತಿ ಸಲವೂ ನಮ್ಮ ಗಾಡಿ ತೊಟ್ಟಿಲಿನಂತೆ ಅಲ್ಲಾಡುತ್ತಿತ್ತು.

"ಅಕ್ಕಾರ, ನೀವು ಇಳದು ಡ್ರೈವರ್ ಜೊತಿ ನಿಂದ್ರಿ," ಎಂದರು ನರ್ಸಮ್ಮ. "ಗಾಡಿ ಹಿಂಗ ಅಲ್ಲಾಡಿದ್ರ ನನ್ನ ಕೈ ನಿಲ್ಲಾಂಗಿಲ್ಲ."

ಡ್ರೈವರ್ ಆಗಲೇ ರಸ್ತೆಯಂಚಿನಲ್ಲಿ ಟವೆಲ್ ಬೀಸುತ್ತಿದ್ದ. ನಾನೂ ಸೆರಗು ಬೀಸಿದೆ. ಒಂದು ಬಸ್ಸಿನ ಕನ್ನಡಿ ಅವನ ತಲೆಯ ಪಕ್ಕದಲ್ಲೇ ಹಾದುಹೋಯಿತು. ಆದರೂ ಇಬ್ಬರೂ ಬೀಸುತ್ತಲೇ ಇದ್ದೆವು.

ಆಗ ಒಂದು ಲಾರಿ ನಿಧಾನವಾಯಿತು. ನಮ್ಮ ಹಿಂದೆ ತುಸು ದೂರದಲ್ಲಿ ರಸ್ತೆಗೆ ಓರೆಯಾಗಿ ನಿಂತು ಎರಡೂ ಇಂಡಿಕೇಟರ್ ಹಾಕಿತು. ಮೈಯೆಲ್ಲ ಕೆಂಪು ಧೂಳಾಗಿದ್ದ ನಡುವಯಸ್ಸಿನ ಚಾಲಕ ಇಳಿದು ಬಂದ.

"ಒಳಗ ಯಾರ ಅದಾರ್ರಿ?"

"ನನ್ನ ತಂಗಿ. ಹೆರಿಗಿ ಆಗಾಕತ್ತೈತಿ."

ಅವನು ಕೂಡಲೇ ರಸ್ತೆಬದಿಯ ಪೊದೆಗಳತ್ತ ಓಡಿದ. ಜಾಲಿಯ ಟೊಂಗೆಗಳನ್ನು ಮುರಿದು ತಂದು ಲಾರಿಯ ಹಿಂದೆ ಹರಡಿದ. ಬಂದ ಗಾಡಿಗಳನ್ನು ಒಂದೊಂದಾಗಿ, ಮೆಲ್ಲಗೆ, ಆಚೆ ಬದಿಯಿಂದ ಬಿಡತೊಡಗಿದ. ಕಾರಿನವನೊಬ್ಬ ಹಾರ್ನ್ ಒತ್ತುತ್ತ ರೇಗಿದ: "ರೋಡ್ ಬಂದ್ ಮಾಡಾಕ ನೀ ಯಾರಲೇ?"

"ಬಂದ್ ಮಾಡಿಲ್ರಿ. ಮೆಲ್ಲಕ ಹೋಗ್ರಿ ಅಂದೆ. ಒಳಗ ಹೆರಿಗಿ ನಡದೈತಿ."

ಕಾರಿನಲ್ಲಿದ್ದ ಹೆಂಗಸು ಗಂಡನ ತೋಳು ಹಿಡಿದಳು. ಕಾರು ಸದ್ದಿಲ್ಲದೆ ಸರಿಯಿತು. ಮುಂದೆ ಹೋಗಿ ನಿಂತಿತು. ಅದೇ ಮನುಷ್ಯ ಇಳಿದು ಎದುರಿನಿಂದ ಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿದ.

ನನಗೆ ಅಳು ತಡೆಯಲಾಗಲಿಲ್ಲ. ಲಾರಿ ಚಾಲಕ ನನ್ನ ಕಡೆ ನೋಡದೆ ಹೇಳಿದ: "ಕುರೆಕುಪ್ಪ ಹತ್ರ ನನ್ನ ತಮ್ಮ ಹಿಂಗ ಸೈಡಿಗೆ ನಿಂತು ಟೈರ್ ಬದಲಿಸಾಕತ್ತಿದ್ದ. ಹಿಂದ ಬಂದವ ಒಂಚೂರು ಬ್ರೇಕ್ ಒತ್ತಿದ್ರ ಸಾಕಿತ್ರಿ. ಒಂದು ಕಾಲು ಹೋತು. ಈಗ ಪಾನ್ ಅಂಗಡಿ ಇಟ್ಟಾನ. ನಿಂತ ಗಾಡಿ ಕಂಡ್ರ ನನಗ ದಾಟಿ ಹೋಗಾಕ ಮನಸ್ಸಾಗಲ್ಲ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲಿ ನಿಂತು ಗಾಡಿಗಳಿಗೆ ಕೈ ತೋರಿಸತೊಡಗಿದೆ. ಅಷ್ಟರಲ್ಲಿ ಒಳಗಿಂದ ಮಗುವಿನ ಅಳು ಕೇಳಿಸಿತು. ನರ್ಸಮ್ಮ ಬಾಗಿಲು ತುಸು ತೆರೆದು, "ಹೆಣ್ಣು. ಇಬ್ರೂ ಚಲೋ ಅದಾರ," ಎಂದರು.

ಚಾಲಕ ಕೈಯೆತ್ತಿ ಮುಗಿದ. ಆಮೇಲೆ ಟೊಂಗೆಗಳನ್ನೆಲ್ಲ ಎಳೆದು ಚರಂಡಿಗೆ ಹಾಕಿದ. ನಾನು ಅವನ ಹೆಸರು ಕೇಳಿದೆ. "ಜಲ್ದಿ ಹೊಂಡ್ರಿ, ಕೂಸಿಗೆ ಥಂಡಿ ಆಗ್ತೈತಿ," ಎಂದು ಲಾರಿ ಹತ್ತಿದ.

ಆಸ್ಪತ್ರೆಯ ಹಾಸಿಗೆಯಲ್ಲಿ ತಂಗಿ ಕೇಳಿದಳು: "ಅಕ್ಕಾ, ನಡುವ ಗಾಡಿ ಅಲ್ಲಾಡೋದು ನಿಂತಬಿಡ್ತು. ಹೊರಗ ಏನಾತು?" ನಾನು ಎಲ್ಲವನ್ನೂ ಹೇಳಿದೆ. ಅವಳು ಮಗುವಿನ ತಲೆ ನೇವರಿಸುತ್ತ ಕೇಳಿಸಿಕೊಂಡಳು.